ಲಿಯೋ ತೊಳೆದ ಫಿಲ್ಟರುಗಳು

ಲಿಯೋ ತೀರಿಹೋದ ಸುದ್ದಿ ಅವನ ಅಣ್ಣ ಆರೋಗ್ಯಸ್ವಾಮಿಯವರಿಗೆ ತಿಳಿದದ್ದು ದಸರೆ ಕಳೆದ ನಾಲ್ಕನೆಯ ದಿನ, ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ. ಅವರು ಮಗಳ ಮನೆಯ ಮೆಟ್ಟಿಲ ಮೇಲೆ ಕುಳಿತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಫೋನು ಮಾಡಿದವರು ಕುಮಾರಸ್ವಾಮಿ. ಬನ್ನಿಮಂಟಪದ ಮೈದಾನಕ್ಕೆ ಮುಖ ಮಾಡಿ ನಿಂತ ನಾಲ್ಕು ಮಹಡಿಯ ವ್ಯಾಪಾರದ ಕಟ್ಟಡಕ್ಕೆ ಅವರು ಮ್ಯಾನೇಜರು; ಆ ಕಟ್ಟಡದೊಳಗೆ ಗಾಳಿಯನ್ನು ಸೋಸಿ ಬಿಡುವ ಗಾಳಿಯಂತ್ರಗಳನ್ನು ನೋಡಿಕೊಳ್ಳುವ ಕೆಲಸ ಲಿಯೋನದು. ಕುಮಾರಸ್ವಾಮಿ ಮೊದಲು ತಿಂಡಿ ಆಯಿತೇ ಎಂದು ವಿಚಾರಿಸಿದರು. ಆಮೇಲೆ ಮಗಳು ಮನೆಯಲ್ಲಿದ್ದಾಳೆಯೇ ಎಂದು ಕೇಳಿದರು. ಎರಡನೆಯ ಪ್ರಶ್ನೆ ಕೇಳುತ್ತಿದ್ದಂತೆ ಆರೋಗ್ಯಸ್ವಾಮಿಯವರು ಸೊಪ್ಪಿನ ಕಟ್ಟನ್ನು ಮೊರದಲ್ಲಿಟ್ಟು ಎದ್ದು ನಿಂತರು.

ಆ ದಿನ ಒಂಬತ್ತು ಗಂಟೆಗೆ ಲಿಯೋ ಕಟ್ಟಡದ ತಾರಸಿಗೆ ಹೋಗಿದ್ದ. ನೀರಿನ ತೊಟ್ಟಿಯ ಪಕ್ಕದ ನಲ್ಲಿಯಲ್ಲಿ ಫಿಲ್ಟರುಗಳನ್ನು ತೊಳೆದು ಮೋಟುಗೋಡೆಗೆ ಒರಗಿಸಿ ಬಿಸಿಲಿಗೆ ಇಡುತ್ತಿದ್ದ. ಎಂಟನ್ನು ಇಟ್ಟಾಗಿತ್ತು. ಒಂಬತ್ತನೆಯದು ಕೈಯಲ್ಲಿದ್ದಾಗ ಕುಸಿದ. ಮೆಟ್ಟಿಲ ಮೇಲೆ ನೀರು ಹರಿದು ಬರುವುದನ್ನು ಕಂಡು ಕಾವಲುಗಾರ ಹತ್ತಿ ಹೋಗಿ ನೋಡಿದ. ಆಸ್ಪತ್ರೆಯ ವೈದ್ಯರು ಹೃದಯ ನಿಂತಿದೆ, ಹೆಚ್ಚು ಹೊತ್ತು ನರಳಿರಲಾರರು ಎಂದರು. ಲಿಯೋನಿಗೆ ಐವತ್ತನಾಲ್ಕು ವರ್ಷ. ಮರುದಿನ ಮಧ್ಯಾಹ್ನ ಚರ್ಚಿನಲ್ಲಿ ಪೂಜೆ ನಡೆದು ಮಣ್ಣಾಯಿತು.

ಅಣ್ಣತಮ್ಮಂದಿರ ನಡುವೆ ಹದಿನಾಲ್ಕು ವರ್ಷದ ಅಂತರ. ತಂದೆ ತೀರಿಕೊಂಡಾಗ ಲಿಯೋ ನಾಲ್ಕು ವರ್ಷದ ಮಗು. ಚರ್ಚಿನಲ್ಲಿ ಮೊದಲ ಪರಮಪ್ರಸಾದ ಸ್ವೀಕರಿಸಲು ಅವನನ್ನು ಕೈಹಿಡಿದು ಕರೆದೊಯ್ದವರು ಅಣ್ಣ. ಸೈಕಲ್ಲು ಕಲಿಸಿದವರೂ ಅಣ್ಣ, ಹೆಣ್ಣು ನೋಡಿ ಮದುವೆ ಮಾಡಿದವರೂ ಅಣ್ಣ. ಕೆಲಸ ಕಲಿಸಿದ್ದು ಕೂಡ ಅವರೇ. ಆಗ ಆರೋಗ್ಯಸ್ವಾಮಿಯವರು ಊರಿನ ಒಂದು ಹಳೆಯ ಚಿತ್ರಮಂದಿರದಲ್ಲಿ ತಂಪುಗಾಳಿಯ ಯಂತ್ರ ನಡೆಸುತ್ತಿದ್ದರು. ಆ ಕಾಲದ ಫಿಲ್ಟರೆಂದರೆ ಎಣ್ಣೆ ಸವರಿದ ತಂತಿಬಲೆ. ತಿಂಗಳಿಗೊಮ್ಮೆ ಅದನ್ನು ಕಳಚಿ, ಕಾದ ಸೋಡಾ ನೀರಿನಲ್ಲಿ ಅದ್ದಿ ತಿಕ್ಕಿ, ಬಿಸಿಲಿಗೆ ಒಣಗಿಸಿ, ಮತ್ತೆ ಎಣ್ಣೆ ಹಚ್ಚಿ ಕೂರಿಸಬೇಕು. ಸರಿಯಾಗಿ ತೊಳೆದರೆ ಒಂದು ಬಲೆ ಇಪ್ಪತ್ತು ವರ್ಷ ಬರುತ್ತಿತ್ತು. ಹದಿನೆಂಟನೆಯ ವಯಸ್ಸಿನಲ್ಲಿ ಲಿಯೋ ಆ ಸೋಡಾ ನೀರಿಗೆ ಕೈ ಹಾಕಿದ. ತೊಳೆದು ಬಳಸಬಹುದಾದ್ದನ್ನು ಬಿಸಾಡುವುದು ದೇವರು ಮೆಚ್ಚದ ಕೆಲಸ ಎಂಬ ಪಾಠವನ್ನು ಅಲ್ಲಿಯೇ ಕಲಿತ. ಚಿತ್ರಮಂದಿರ ಮುಚ್ಚಿದ ಮೇಲೆ ಅಣ್ಣ ಮನೆಯಲ್ಲಿ ಕುಳಿತರು, ತಮ್ಮ ಬನ್ನಿಮಂಟಪದ ಹೊಸ ಕಟ್ಟಡಕ್ಕೆ ಸೇರಿದ.

ಏಳನೆಯ ದಿನದ ಪೂಜೆ ಭಾನುವಾರ ಬಂತು. ಪೂಜೆ ಮುಗಿದು ಜನ ಚರ್ಚಿನ ಅಂಗಳದಲ್ಲಿ ನಿಂತಿದ್ದಾಗ ಅಗ್ನೆಸ್ ಬಂದು ಆರೋಗ್ಯಸ್ವಾಮಿಯವರ ಕೈ ಹಿಡಿದಳು. ಅವಳು ಅದೇ ಕಟ್ಟಡದ ಮೊದಲ ಮಹಡಿಯಲ್ಲಿರುವ ಕಣ್ಣಿನ ಚಿಕಿತ್ಸಾಲಯದಲ್ಲಿ ದಾದಿ. ಸಮಾಧಾನದ ಮಾತು ಹೇಳಿದ ಮೇಲೆ, ಹೇಳಬೇಕೋ ಬೇಡವೋ ಎಂದು ತಡೆದು, ಕಟ್ಟಡದಲ್ಲಿ ನಡೆಯುತ್ತಿದ್ದ ಮಾತನ್ನೂ ಹೇಳಿದಳು. ದಸರೆಯ ಹಿಂದುಮುಂದು ಹದಿನೈದು ದಿನದಿಂದ ಚಿಕಿತ್ಸಾಲಯದ ಬಿಳಿಯ ಮೇಜುಗಳ ಮೇಲೆ ಕೆಂಗಪ್ಪು ದೂಳು ಕೂರುತ್ತಿತ್ತು. ಮಸೂರಗಳ ಪೆಟ್ಟಿಗೆಯನ್ನು ಬೆಳಿಗ್ಗೆ ಒರೆಸಿದರೆ ಸಂಜೆಗೆ ಬೆರಳಿನಲ್ಲಿ ಹೆಸರು ಬರೆಯಬಹುದಾಗಿತ್ತು. ಕೆಲಸದವರಲ್ಲಿ ಮೂವರಿಗೆ ಬಿಡದ ಕೆಮ್ಮು. ಎಲ್ಲರೂ ಲಿಯೋನತ್ತ ಬೆರಳು ತೋರಿಸುತ್ತಿದ್ದರು. ಫಿಲ್ಟರು ನೋಡದೆಯೇ ಕೆಲಸದ ಕಾರ್ಡಿನಲ್ಲಿ ಸಹಿ ಹಾಕುತ್ತಿದ್ದ ಎಂಬ ಮಾತು ಮೂರನೆಯ ಮಹಡಿಯವರೆಗೆ ಹತ್ತಿತ್ತು. ಅಗ್ನೆಸ್ ತಾನು ಅದನ್ನು ನಂಬಿಲ್ಲ ಎಂದಳು. ಆದರೆ ಅವಳು ಅದನ್ನು ಬೇರೆ ಯಾರಿಗೂ ಹೇಳಿಲ್ಲ ಎನ್ನಲಿಲ್ಲ.

ನಾಲ್ಕು ಹೆಜ್ಜೆ ದೂರದಲ್ಲಿ ಲಿಯೋನ ಹೆಂಡತಿ ಕ್ಯಾರೊಲಿನ್ ನಿಂತಿದ್ದಳು. ಅವಳಿಗೆ ಎಲ್ಲವೂ ಕೇಳಿಸಿತ್ತು. ಕುಂಬಾರಕೊಪ್ಪಲಿನ ಮನೆಗೆ ಆಟೋದಲ್ಲಿ ಹೋಗುವಾಗ ಅವಳು ಒಂದೇ ಒಂದು ಮಾತು ಆಡಿದಳು.

“ಭಾವ, ಅವರು ಕೆಲ್ಸ ಮಾಡ್ದೆ ಸಹಿ ಹಾಕೋರಾ? ನೀವೇ ಹೋಗಿ ನೋಡ್ಕೊಂಡು ಬನ್ನಿ. ನಂಗೆ ಅದೊಂದು ಆಗ್ಬೇಕು.”

ಸೋಮವಾರ ಆರೋಗ್ಯಸ್ವಾಮಿಯವರು ಕಟ್ಟಡಕ್ಕೆ ಹೋದರು. ಕುಮಾರಸ್ವಾಮಿ ಸಜ್ಜನರು, ಸ್ವಲ್ಪ ಸ್ಥೂಲಕಾಯದವರು, ಸಕ್ಕರೆ ಕಾಯಿಲೆಯವರು. ಹಿಂದೆ ಭೇಟಿಯಾದಾಗಲೆಲ್ಲ, ಸ್ವಾಮಿ ಅನ್ನೋದು ನಮ್ಮಿಬ್ಬರ ಹೆಸರಲ್ಲೂ ಇದೆ, ಆರೋಗ್ಯ ಮಾತ್ರ ದೇವರು ನಿಮಗೊಬ್ಬರಿಗೇ ಕೊಟ್ಟ ಎಂದು ನಗುತ್ತಿದ್ದರು. ಅಂದು ಹಾಗೆ ಅನ್ನಲಿಲ್ಲ. ಕಡತ ತೆಗೆದು ಮುಂದಿಟ್ಟರು. ಪ್ರತಿ ಗಾಳಿಯಂತ್ರದಲ್ಲಿ ಎರಡು ಸಾಲು ಫಿಲ್ಟರುಗಳಿರುತ್ತವೆ. ಹೊರಸಾಲು ಒರಟು ಬಟ್ಟೆಯದು, ಎಲೆ ಕಸ ನೊಣಗಳನ್ನು ತಡೆಯುತ್ತದೆ. ಒಳಸಾಲು ಮಡಿಕೆ ಮಡಿಕೆಯಾದ ಬಿಳಿಯ ಬಟ್ಟೆಯದು, ಕಣ್ಣಿಗೆ ಕಾಣದ ಸಣ್ಣ ದೂಳನ್ನು ಹಿಡಿಯುತ್ತದೆ. ಆ ಒಳಫಿಲ್ಟರುಗಳನ್ನು ಮೂರು ವರ್ಷದಿಂದ ಒಮ್ಮೆಯೂ ತರಿಸಿಲ್ಲ ಎಂದು ಕಡತ ಹೇಳುತ್ತಿತ್ತು. ಇಂಥ ಕಡೆ ವರ್ಷಕ್ಕೊಮ್ಮೆಯಾದರೂ ಬದಲಾಗಬೇಕಾದ ವಸ್ತು ಅದು. ಕಟ್ಟಡದ ಸಂಘದವರು ವರದಿ ಕೇಳಿದ್ದರು. ಕುಮಾರಸ್ವಾಮಿ ಅದರಲ್ಲಿ “ನಿರ್ಲಕ್ಷ್ಯ” ಎಂದು ಬರೆದು, ಅದಕ್ಕಿಂತ ಮೆದುವಾದ ಪದ ಸಿಗದೆ ನಿಲ್ಲಿಸಿದ್ದರು.

ಆರೋಗ್ಯಸ್ವಾಮಿಯವರು ಯಂತ್ರದ ಕೋಣೆಗೆ ಹೋದರು. ಬಾಗಿಲ ಹಿಂದೆ ದಾರದಲ್ಲಿ ಕಾರ್ಡು ನೇತಾಡುತ್ತಿತ್ತು. ಅದರ ನೆತ್ತಿಯಲ್ಲಿ ಲಿಯೋ ಪುಟ್ಟದೊಂದು ಶಿಲುಬೆ ಬರೆದಿದ್ದ. ಅದರ ಕೆಳಗೆ ದಿನಾಂಕ, ಗೇಜಿನ ಮುಳ್ಳು ಎಲ್ಲಿತ್ತು ಎಂಬ ಅಂಕಿ, ಮಾಡಿದ ಕೆಲಸ, ಸಹಿ. ಫಿಲ್ಟರಿನಲ್ಲಿ ದೂಳು ತುಂಬಿದಂತೆ ಗಾಳಿಗೆ ಅಡ್ಡಿ ಹೆಚ್ಚುತ್ತದೆ, ಗೇಜಿನ ಮುಳ್ಳು ಏರುತ್ತದೆ. ಇಪ್ಪತ್ತೈದು ದಾಟಿದರೆ ಅದರ ಕಾಲ ಮುಗಿಯಿತೆಂದು ಲೆಕ್ಕ. ಲಿಯೋನ ಕಾರ್ಡಿನಲ್ಲಿ ಮುಳ್ಳು ಇಪ್ಪತ್ತನ್ನು ಮುಟ್ಟಿದಾಗಲೆಲ್ಲ “ತೊಳೆದೆ” ಎಂದು ಬರೆದಿತ್ತು. ಮುಂದಿನ ಸಾಲಿನಲ್ಲಿ ಮುಳ್ಳು ಒಂಬತ್ತಕ್ಕೆ ಇಳಿದಿತ್ತು. ಮುಂದಿನ ಸಲ ತೊಳೆದಾಗ ಎಂಟಕ್ಕೆ, ಅದರ ಮುಂದಿನ ಸಲ ಏಳಕ್ಕೆ. ದಸರೆಗೆ ಮುಂಚೆ ಮೈದಾನದಲ್ಲಿ ಪಂಜಿನ ಕವಾಯತಿನ ತಾಲೀಮು ನಡೆದು ಕುದುರೆ, ಮೋಟಾರು ಸೈಕಲ್ಲುಗಳು ಕೆಮ್ಮಣ್ಣು ಎಬ್ಬಿಸುವಾಗ ಅವನು ತಿಂಗಳಿಗೆರಡು ಸಲ ತೊಳೆದಿದ್ದ. ಆರೋಗ್ಯಸ್ವಾಮಿಯವರು ಕಾರ್ಡನ್ನು ಎರಡು ಸಲ ಓದಿದರು. ಒಂದು ತಾರೀಖೂ ತಪ್ಪಿರಲಿಲ್ಲ.

ಅವರು ಒಳಗಿನ ಒಂದು ಫಿಲ್ಟರನ್ನು ಎಳೆದು ನೋಡಿದರು. ಅದು ಒಗೆದ ಪಂಚೆಯಷ್ಟು ಬೆಳ್ಳಗಿತ್ತು. ಅಂಚಿನ ರಬ್ಬರು ಸರಿಯಾಗಿತ್ತು. ಚೌಕಟ್ಟಿನ ಸಂದಿನಲ್ಲಿ ಗಾಳಿ ನುಸುಳಿದ ಗುರುತಿರಲಿಲ್ಲ. ಕೆಳಗೆ ಬಂದು ಅವರು ಕುಮಾರಸ್ವಾಮಿಗೆ ಹೇಳಿದರು: ಇದು ನಿರ್ಲಕ್ಷ್ಯ ಮಾಡಿದವನ ಕೆಲಸವಲ್ಲ, ಕಾರ್ಡು ನೋಡಿ, ಫಿಲ್ಟರು ನೋಡಿ. ಕುಮಾರಸ್ವಾಮಿಗೂ ಸಮಾಧಾನವೇ ಆಯಿತು. ಆದರೆ ಫಿಲ್ಟರು ಬೆಳ್ಳಗಿದ್ದರೆ ದೂಳು ಎಲ್ಲಿಂದ ಬಂತು ಎಂಬ ಪ್ರಶ್ನೆ ಉಳಿಯಿತು. ಕಡಕೊಳದಲ್ಲಿ ಫಿಲ್ಟರುಗಳ ಉಗ್ರಾಣವಿರುವ ಕಂಪನಿಯಿಂದ ಎಂಜಿನಿಯರನ್ನು ಕರೆಸುವುದೆಂದು ಮಾತಾಯಿತು.

ಬುಧವಾರ ಎಂಜಿನಿಯರು ಬಂದಳು. ಹೆಸರು ಅನುಪಮಾ. ಮೂವತ್ತರ ಒಳಗಿನ ಹುಡುಗಿ, ಮಾತು ಕಡಿಮೆ. ಅವಳು ಫಿಲ್ಟರನ್ನು ಬೆಳಕಿಗೆ ಹಿಡಿದು ನೋಡಿದಳು, ಕಾರ್ಡು ಓದಿದಳು. “ಒಳಗಿನದನ್ನೂ ತೊಳೀತಿದ್ರಾ ಸಾರ್?” ಎಂದು ಕೇಳಿದಳು. ಹೌದೆಂದಾಗ ಫಿಲ್ಟರನ್ನು ಕೆಳಗಿಟ್ಟು ಕೆಲಸಕ್ಕೆ ತೊಡಗಿದಳು. ಮೊದಲ ಮಹಡಿಗೆ ಗಾಳಿ ಕೊಡುವ ಯಂತ್ರಗಳು ಎರಡಿದ್ದವು. ಒಂದರಲ್ಲಿ ತಾನು ತಂದ ಹೊಸ ಫಿಲ್ಟರುಗಳನ್ನು ಕೂರಿಸಿದಳು, ಇನ್ನೊಂದರಲ್ಲಿ ಲಿಯೋ ತೊಳೆದವನ್ನೇ ಬಿಟ್ಟಳು. ಎರಡರ ಗಾಳಿಬಾಯಿಗೂ ಒಂದೊಂದು ಬಿಳಿಯ ಮಲ್ಲು ಬಟ್ಟೆ ಕಟ್ಟಿ, ಶನಿವಾರದವರೆಗೆ ಯಾರೂ ಮುಟ್ಟಬೇಡಿ ಎಂದು ಹೇಳಿ ಹೋದಳು.

ಶನಿವಾರ ಮೂವರೂ ಸೇರಿ ಬಟ್ಟೆ ಬಿಚ್ಚಿದರು. ಹೊಸ ಫಿಲ್ಟರಿನ ಕಡೆಯದು ಕಟ್ಟಿದಂತೆಯೇ ಇತ್ತು. ಲಿಯೋ ತೊಳೆದ ಫಿಲ್ಟರಿನ ಕಡೆಯದು ಕಾಫಿ ಸೋಸಿದ ಬಟ್ಟೆಯಂತಾಗಿತ್ತು.

ಅನುಪಮಾ ಕಾರಣ ವಿವರಿಸಿದಳು. ಬಾಚಣಿಗೆಯನ್ನು ಒಣಗಿದ ತಲೆಗೂದಲಿಗೆ ಉಜ್ಜಿ ಕಾಗದದ ಚೂರಿನ ಮುಂದೆ ಹಿಡಿದರೆ ಅದು ಹಾರಿ ಬಂದು ಅಂಟಿಕೊಳ್ಳುತ್ತದಲ್ಲ, ಈ ಬಿಳಿಯ ಬಟ್ಟೆಯ ಎಳೆಗಳಲ್ಲಿಯೂ ಅಂಥದೇ ಒಂದು ಸೆಳೆತವನ್ನು ಕಾರ್ಖಾನೆಯಲ್ಲಿ ತುಂಬಿರುತ್ತಾರೆ. ಎಳೆಗಳ ನಡುವೆ ದಾರಿ ಅಗಲವಾಗಿಯೇ ಇರುತ್ತದೆ, ಆದರೂ ಹಾದುಹೋಗುವ ದೂಳನ್ನು ಆ ಸೆಳೆತ ಪಕ್ಕಕ್ಕೆ ಎಳೆದು ಹಿಡಿಯುತ್ತದೆ. ಸೋಪು ನೀರು ತಾಕಿದಷ್ಟು ಸಲವೂ ಸೆಳೆತ ಕಡಿಮೆಯಾಗುತ್ತ ಕೊನೆಗೆ ಪೂರ್ತಿ ಹೋಗುತ್ತದೆ. ಹೋದದ್ದು ಮರಳಿ ಬರುವುದಿಲ್ಲ. ಬಟ್ಟೆ ಬೆಳ್ಳಗಾಗುತ್ತದೆ, ಗಾಳಿ ಸಲೀಸಾಗಿ ಹೋಗುತ್ತದೆ, ಮುಳ್ಳು ಇಳಿಯುತ್ತದೆ. ದೂಳೂ ಅಷ್ಟೇ ಸಲೀಸಾಗಿ ಹೋಗುತ್ತದೆ. ಇದನ್ನು ಗೇಜು ತೋರಿಸುವುದಿಲ್ಲ. ಹೊರಸಾಲಿನ ಒರಟು ಫಿಲ್ಟರನ್ನು ಎಷ್ಟು ಬೇಕಾದರೂ ತೊಳೆಯಬಹುದು, ಒಳಸಾಲಿನದನ್ನು ಒಂದು ಸಲವೂ ತೊಳೆಯಬಾರದು. ಇಷ್ಟು ಹೇಳಿ ಅವಳು ಹೊಸ ಫಿಲ್ಟರು ಬಂದಿದ್ದ ರಟ್ಟಿನ ಪೆಟ್ಟಿಗೆಯನ್ನು ಹೊರಳಿಸಿ ತೋರಿಸಿದಳು. ಅದರ ಬದಿಯಲ್ಲಿ ಒಂದು ನಲ್ಲಿಯ ಚಿತ್ರ, ಅದರ ಮೇಲೆ ಅಡ್ಡಗೆರೆ.

ಆ ಚಿತ್ರವನ್ನು ಆರೋಗ್ಯಸ್ವಾಮಿಯವರು ಮೊದಲೇ ನೋಡಿದ್ದರು.

ಮೂರು ವರ್ಷದ ಹಿಂದೆ, ಈಸ್ಟರಿನ ಮರುವಾರ, ಲಿಯೋ ಅಂಥದೇ ರಟ್ಟಿನ ತುಂಡೊಂದನ್ನು ಹರಿದುಕೊಂಡು ಅಣ್ಣನ ಮಗಳ ಮನೆಗೆ ಬಂದಿದ್ದ. ಫಿಲ್ಟರಿನ ಮೇಲೆ ಏನೂ ಬರೆದಿಲ್ಲ, ಪೆಟ್ಟಿಗೆಯ ಮೇಲೆ ಮಾತ್ರ ಹೀಗಿದೆ, ಇದನ್ನು ತೊಳೆಯಬಹುದೋ ಬಾರದೋ ಎಂದು ಕೇಳಿದ. ಕೇಳುವುದಕ್ಕಾಗಿಯೇ ಎರಡು ಬಸ್ಸು ಹಿಡಿದು ಬಂದಿದ್ದ. ಅಂದು ಊಟದ ಹೊತ್ತು. ಆರೋಗ್ಯಸ್ವಾಮಿಯವರು ತುಂಡನ್ನು ದೂರದಿಂದಲೇ ನೋಡಿ ನಕ್ಕಿದ್ದರು. ಮಾರುವವನು ತೊಳೆಯಿರಿ ಎಂದು ಬರೆಯುತ್ತಾನೇನೋ, ಬರೆದರೆ ಅವನ ಅಂಗಡಿ ನಡೆಯುತ್ತದೇನೋ ಎಂದಿದ್ದರು. ಇಪ್ಪತ್ತು ವರ್ಷ ಬಲೆ ತೊಳೆದ ಕೈ ನಿನ್ನದು, ರಟ್ಟಿನ ಪೆಟ್ಟಿಗೆಯನ್ನು ಕೇಳುತ್ತೀಯಲ್ಲ ಎಂದೂ ಹೇಳಿದ್ದರು. ಲಿಯೋ ಇನ್ನೊಂದು ಸಲ ಕೇಳಲಿಲ್ಲ. ಊಟ ಮಾಡಿ ಹೋದ. ಆ ಮಾತು ನಡೆದದ್ದು ಅವರಿಬ್ಬರ ನಡುವೆ. ಒಬ್ಬ ಈಗ ಮಣ್ಣಿನೊಳಗಿದ್ದ.

ಕುಮಾರಸ್ವಾಮಿ ಬಟ್ಟೆಗಳನ್ನು ಮಡಿಸಿ ಮೇಜಿನ ಮೇಲಿಟ್ಟರು. ಅವರ ಮುಖದಲ್ಲಿ ಭಾರ ಇಳಿದ ಕಳೆ ಇತ್ತು. ವರದಿಯ ಕಾಗದ ತೆಗೆದು “ನಿರ್ಲಕ್ಷ್ಯ” ಎಂಬುದನ್ನು ಹೊಡೆದುಹಾಕಿದರು. ಅದರ ಜಾಗದಲ್ಲಿ “ತಿಳಿವಳಿಕೆಯ ಕೊರತೆಯಿಂದ” ಎಂದು ಬರೆದರು. ಪಾಪ, ಗೊತ್ತಿಲ್ಲದೆ ಮಾಡಿದ್ದಾರೆ, ಇದರಲ್ಲಿ ಯಾರೂ ಅವರನ್ನು ದೂರುವಂತಿಲ್ಲ ಎಂದರು. ಆರೋಗ್ಯಸ್ವಾಮಿಯವರು ಆ ಅಕ್ಷರಗಳನ್ನು ನೋಡಿ, ರಟ್ಟಿನ ಪೆಟ್ಟಿಗೆಯನ್ನು ಗೋಡೆಯ ಕಡೆಗೆ ಹೊರಳಿಸಿಟ್ಟರು.

ಆಮೇಲೆ ಹೊಸ ಫಿಲ್ಟರು ಯಾವುದಿರಬೇಕು ಎಂಬ ಮಾತು ಬಂತು. ಕುಮಾರಸ್ವಾಮಿ ಇದ್ದುದರಲ್ಲಿ ಅತಿ ಸಣ್ಣ ಕಣ್ಣಿನದು, ಶಸ್ತ್ರಚಿಕಿತ್ಸೆಯ ಕೋಣೆಗೆ ಹಾಕುವಂಥದು ಬೇಕೆಂದರು. ಒಮ್ಮೆ ಮುಖ ಕೆಟ್ಟಿದೆ, ಇನ್ನೊಮ್ಮೆ ಕೆಡಬಾರದು ಎಂಬುದು ಅವರ ವಾದ. ಆರೋಗ್ಯಸ್ವಾಮಿಯವರು ಅದಕ್ಕೆ ಒಪ್ಪಲಿಲ್ಲ. ಈ ಯಂತ್ರದ ಫ್ಯಾನಿಗೆ ಅಷ್ಟು ಶಕ್ತಿಯಿಲ್ಲ; ಅಂಥದನ್ನು ಹಾಕುವುದೂ ಒಂದೇ, ಕಂಬಳಿ ಮುಸುಕು ಹಾಕಿಕೊಂಡು ಮೆಟ್ಟಿಲು ಹತ್ತು ಅನ್ನುವುದೂ ಒಂದೇ. ಗಾಳಿ ಸಾಲದೆ ಜನ ಕಿಟಕಿ ತೆರೆಯುತ್ತಾರೆ, ಮೈದಾನದ ಕೆಮ್ಮಣ್ಣೆಲ್ಲ ನೇರವಾಗಿ ಒಳಗೆ ಬರುತ್ತದೆ. ಅನುಪಮಾ ತಲೆಯಾಡಿಸಿದಳು. ಮಧ್ಯಮ ದರ್ಜೆಯದರಲ್ಲಿ ಎರಡು ಬಗೆ ಇವೆ ಎಂದು ಹೇಳಿ ಎರಡನ್ನೂ ಮುಂದಿಟ್ಟಳು. ಒಂದು ಸೆಳೆತವನ್ನು ನಂಬಿದ್ದು, ಇನ್ನೊಂದು ಬರಿಯ ಸಣ್ಣ ಎಳೆಯನ್ನು ನಂಬಿದ್ದು.

“ಮುಳ್ಳಿಗೆ ಸುಳ್ಳು ಹೇಳ್ದೆ ಇರೋದು ಯಾವುದಮ್ಮ?” ಎಂದು ಕೇಳಿದರು ಆರೋಗ್ಯಸ್ವಾಮಿ.

“ಎರಡನೇದು ಸಾರ್. ಫ್ಯಾನಿಗೆ ಒಂಚೂರು ಭಾರ. ಆದ್ರೆ ತುಂಬಿದ್ರೆ ತುಂಬಿದೆ ಅಂತ ಗೇಜಲ್ಲಿ ಕಾಣತ್ತೆ.”

ಅದೇ ಎಂದು ನಿಶ್ಚಯವಾಯಿತು. ಬಣ್ಣ ನೋಡಿ ಬದಲಿಸುವುದಲ್ಲ, ಮುಳ್ಳು ನೋಡಿ ಬದಲಿಸುವುದು. ತಾಲೀಮಿನ ದಿನಗಳಲ್ಲಿ ಹೊರಸಾಲನ್ನು ವಾರಕ್ಕೊಮ್ಮೆ ತೊಳೆಯುವುದು, ಒಳಸಾಲಿಗೆ ನೀರು ಸೋಕಿಸದಿರುವುದು. ಕೂರಿಸಿದ ಮೇಲೆ ಅಂಚಿನ ರಬ್ಬರಿನ ಸುತ್ತ ಬೆರಳಾಡಿಸಿ ಸಂದು ಉಳಿದಿಲ್ಲವೆಂದು ನೋಡುವುದು. ಇಷ್ಟನ್ನೂ ಅನುಪಮಾ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಕಾರ್ಡಿನ ಪಕ್ಕದಲ್ಲಿ ತೂಗುಹಾಕಿದಳು. ಹೊಸಬ ಸಿಗುವವರೆಗೆ ನೀವೇ ಬಂದು ಮೇಲುಸ್ತುವಾರಿ ನೋಡಿಕೊಳ್ಳಿ ಎಂದು ಕುಮಾರಸ್ವಾಮಿ ಕೇಳಿಕೊಂಡರು. ನಿಮ್ಮಂಥ ಅನುಭವ ಯಾರಿಗಿದೆ ಎಂದರು. ಆರೋಗ್ಯಸ್ವಾಮಿಯವರು ದೀಪಾವಳಿ ಕಳೆದ ಮೇಲೆ ಹೇಳುತ್ತೇನೆ ಎಂದು ಎದ್ದರು.

ಸಂಜೆ ಅವರು ಕುಂಬಾರಕೊಪ್ಪಲಿಗೆ ಹೋದರು. ಲಿಯೋ ಕೆಲಸಗಳ್ಳನಲ್ಲ ಎಂದು ಎಲ್ಲರೂ ಒಪ್ಪಿದರು, ತೊಳೆಯಬಾರದ್ದು ತಿಳಿಯದೆ ತೊಳೆದ ಎಂದು ವರದಿಯಲ್ಲಿ ಬರೆದರು ಎಂದು ಕ್ಯಾರೊಲಿನ್‌ಗೆ ಹೇಳಿದರು. ಅವಳಿಗೆ ಸಂತೋಷವಾಗುತ್ತದೆ ಎಂದು ಭಾವಿಸಿದ್ದರು. ಅವಳು ಗೋಡೆಯ ಮೇಲಿನ ಲಿಯೋನ ಪಟದ ಕಡೆಗೆ ತಿರುಗಿದಳು.

“ಮೂವತ್ತಾರು ವರ್ಷ ಮಾಡಿದ್ ಕೆಲ್ಸ. ಅದೇ ತಿಳೀದಿದ್ದೋರು ಅನ್ನಿಸ್ಕೊಂಡ್‌ಬುಟ್ರಲ್ಲ ಭಾವ” ಎಂದಳು.

ಆರೋಗ್ಯಸ್ವಾಮಿಯವರ ಬಾಯಿಗೆ ಮಾತು ಬಂದಿತ್ತು. ಆಗ ಅವಳು ಕಾಫಿ ತರಲು ಒಳಗೆ ಎದ್ದು ಹೋದಳು. ಅವಳು ಮರಳಿ ಬರುವಷ್ಟರಲ್ಲಿ ಅದು ಹಿಂದಕ್ಕೆ ಹೋಗಿತ್ತು.

ಮುಂದಿನ ದಿನಗಳಲ್ಲಿ ಅವರು ತಮಗೆ ತಾವೇ ಅನೇಕ ಸಮಾಧಾನ ಹೇಳಿಕೊಂಡರು. ತಿಳಿವಳಿಕೆಯ ಕೊರತೆ ಎಂದರೆ ಅವಮಾನವಲ್ಲ. ಹೋದವನಿಗೆ ವರದಿಯಿಂದ ಆಗಬೇಕಾದ್ದೇನೂ ಇಲ್ಲ. ಕಟ್ಟಡದ ಗಾಳಿ ಸರಿಹೋಗಿದೆ, ಕೆಮ್ಮು ನಿಂತಿದೆ. ಪ್ರತಿ ಸಂಜೆ ಲಿಯೋನ ಆತ್ಮಕ್ಕಾಗಿ ಒಂದು ಜಪಸರ ಹೇಳುತ್ತಿದ್ದರು. ಅದರ ಐದು ಭಾಗಗಳಾದ ರಹಸ್ಯಗಳಲ್ಲಿ ಎರಡು ಮುಗಿಯುವುದರೊಳಗೆ ಆ ರಟ್ಟಿನ ತುಂಡು ಕಣ್ಣ ಮುಂದೆ ಬರುತ್ತಿತ್ತು. ತಿಳಿಯದವನಾಗಿದ್ದರೆ ಲಿಯೋ ಕೇಳಲು ಬರುತ್ತಿರಲಿಲ್ಲ. ಅವನು ಓದಿದ್ದ, ಅನುಮಾನಪಟ್ಟಿದ್ದ, ತನಗಿಂತ ಬಲ್ಲವರೆಂದು ನಂಬಿದವರ ಬಳಿಗೆ ಬಂದಿದ್ದ. ತಿಳಿಯದವರು ಬೇರೆ ಒಬ್ಬರಿದ್ದರು. ಅವರ ಹೆಸರು ಕಾಗದದಲ್ಲಿ ಇರಲಿಲ್ಲ.

ದೀಪಾವಳಿ ಕಳೆಯಿತು. ಸಕಲ ಮೃತರ ದಿನ ಹತ್ತಿರ ಬಂತು. ಅದಕ್ಕೆ ಮುಂಚಿನ ಶುಕ್ರವಾರ ಆರೋಗ್ಯಸ್ವಾಮಿಯವರು ಪಾಪನಿವೇದನೆಗೆ ಹೋದರು. ಬಹಳ ವರ್ಷಗಳಿಂದ ಅವರು ಅಲ್ಲಿ ಹೇಳುತ್ತಿದ್ದುದು ಕೋಪ, ಮರೆವು, ಪ್ರಾರ್ಥನೆಯಲ್ಲಿ ತೂಕಡಿಕೆ ಇಂಥವು. ಅಂದು ರಟ್ಟಿನ ತುಂಡಿನ ವಿಷಯ ಹೇಳಿದರು; ಚರ್ಚಿನ ಗುರುಗಳು ಪೂರ್ತಿ ಕೇಳಿದರು. ದೇವರ ಕ್ಷಮೆಯಲ್ಲಿ ಸಂಶಯ ಬೇಡ ಎಂದರು. ಆಮೇಲೆ, ನನಗೆ ಹೇಳಿದಿರಿ, ಯಾರಿಗೆ ಹೇಳಬೇಕೋ ಅವರಿಗೆ ಹೇಳಿದಿರಾ ಎಂದು ಕೇಳಿದರು.

ಮರುದಿನ ರಾಜ್ಯೋತ್ಸವ. ಕಟ್ಟಡದ ಮುಂದೆ ಹಳದಿ ಕೆಂಪು ಬಾವುಟ ಏರಿಸಿ, ಆಟೋ ಚಾಲಕರಿಗೂ ಅಂಗಡಿಯವರಿಗೂ ಬೂಂದಿ ಹಂಚುತ್ತಿದ್ದರು. ಆರೋಗ್ಯಸ್ವಾಮಿಯವರು ಕುಮಾರಸ್ವಾಮಿಯವರನ್ನು ಒಳಗೆ ಕರೆದು ವರದಿಯ ಪ್ರತಿ ತೆಗೆಯಲು ಹೇಳಿದರು. ರಟ್ಟಿನ ತುಂಡಿನ ವಿಷಯವನ್ನು ಹಿಂದುಮುಂದಿಲ್ಲದೆ, ನಡೆದ ಹಾಗೆ ಹೇಳಿದರು. ಕುಮಾರಸ್ವಾಮಿ ಕೈಯಲ್ಲಿದ್ದ ಬೂಂದಿಯ ಪೊಟ್ಟಣವನ್ನು ಮೇಜಿನ ಮೇಲಿಟ್ಟರು.

“ಆರೋಗ್ಯಣ್ಣ, ಯಾಕ್ ಸುಮ್ನೆ? ಹೋದೋರ ಮೇಲಿದ್ರೆ ಯಾರಿಗೂ ನೋವಿಲ್ಲ. ಇರೋರ ಮೇಲೆ ಯಾಕೆ ಹಾಕೋಣ?”

“ಹೋದೋನಿಗೆ ಬಾಯಿಲ್ಲ ಕಣ್ರೀ. ಅದಕ್ಕೇ ನನ್ ಮೇಲೆ ಹಾಕಿ ಅಂತಿರೋದು.”

ಕುಮಾರಸ್ವಾಮಿ ಮತ್ತೆ ಎರಡು ಮಾತು ಹೇಳಿ ನೋಡಿದರು. ಕೊನೆಗೆ ಲೇಖನಿ ತೆಗೆದರು. ಪೆಟ್ಟಿಗೆಯ ಮೇಲಿನ ಸೂಚನೆಯನ್ನು ಲಿಯೋ ಗಮನಿಸಿದ್ದರೆಂದೂ, ಆ ಬಗ್ಗೆ ತಮ್ಮ ಅಣ್ಣನೂ ಕೆಲಸ ಕಲಿಸಿದ ಗುರುವೂ ಆದ ಆರೋಗ್ಯಸ್ವಾಮಿಯವರನ್ನು ವಿಚಾರಿಸಿದ್ದರೆಂದೂ, ತೊಳೆಯಬಹುದೆಂದು ಅವರು ಹೇಳಿದ ಮೇಲೆಯೇ ತೊಳೆದರೆಂದೂ ಬರೆದರು. ಆರೋಗ್ಯಸ್ವಾಮಿಯವರು ಕೆಳಗೆ ಸಹಿ ಮಾಡಿದರು. ಹೊರಡುವಾಗ ಕುಮಾರಸ್ವಾಮಿ ಗೇಟಿನವರೆಗೆ ಬಂದು ಬೀಳ್ಕೊಟ್ಟರು. ಮೇಲುಸ್ತುವಾರಿಯ ಮಾತನ್ನು ಮತ್ತೆ ಎತ್ತಲಿಲ್ಲ. ಇವರೂ ಕೇಳಲಿಲ್ಲ.

ಭಾನುವಾರ ಸಕಲ ಮೃತರ ದಿನ. ಪೂಜೆ ಮುಗಿದ ಮೇಲೆ ಜನರೆಲ್ಲ ಸ್ಮಶಾನಕ್ಕೆ ಬಂದರು. ಸಮಾಧಿಗಳಿಗೆಲ್ಲ ಸುಣ್ಣ ಬಳಿದಿತ್ತು, ಸೇವಂತಿಗೆ ಹರಡಿತ್ತು. ಲಿಯೋನದು ಇನ್ನೂ ಹಸಿಮಣ್ಣಿನ ದಿಬ್ಬ. ಕ್ಯಾರೊಲಿನ್ ಅದರ ಅಂಚಿಗೆ ಇಟ್ಟಿಗೆ ಜೋಡಿಸಿ, ಮೇಣದಬತ್ತಿ ನೆಡುತ್ತಿದ್ದಳು. ಆರೋಗ್ಯಸ್ವಾಮಿಯವರು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಎಲ್ಲವನ್ನೂ ಹೇಳಿದರು. ಅವನು ಬಂದದ್ದು, ಕೇಳಿದ್ದು, ತಾವು ನಕ್ಕಿದ್ದು, ನಿನ್ನೆ ವರದಿ ತಿದ್ದಿಸಿದ್ದು. ಹೇಳುವಾಗ ಅವಳು ಬತ್ತಿ ನೆಡುವುದನ್ನು ನಿಲ್ಲಿಸಲಿಲ್ಲ.

“ಬಟ್ಟೆ ಬಿಚ್ಚಿದ್ದು ಯಾವತ್ತು ಭಾವ?” ಎಂದು ಕೇಳಿದಳು.

“ಹದಿನೆಂಟ್ನೇ ತಾರೀಖು.”

“ಇವತ್ತು ಎರಡು. ಹದಿನೈದು ದಿನ, ಗಂಡ ಕೆಲ್ಸ ಗೊತ್ತಿಲ್ದೋನು ಅಂದ್ಕೊಂಡೇ ಅನ್ನ ತಿಂದಿದ್ದೀನಿ ನಾನು.”

ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು, ಸ್ವಲ್ಪ ದೂರದಲ್ಲಿ ತನ್ನ ತಾಯಿಯ ಸಮಾಧಿಗೆ ಹೂವಿಡುತ್ತಿದ್ದ ಅಗ್ನೆಸ್‌ಳನ್ನು ತೋರಿಸಿದಳು.

“ಅಲ್ಲಿ ಅವ್ಳೆ. ಅವಳ್ಗೂ ಹೇಳಿ. ಅವಳಿಗೆ ಹೇಳಿದ್ರೆ ಮೂರನೇ ಮಹಡೀವರೆಗೂ ಹೋಗತ್ತೆ.”

ಆರೋಗ್ಯಸ್ವಾಮಿಯವರು ಎದ್ದು ಹೋದರು. ಅಗ್ನೆಸ್‌ಳ ಜೊತೆ ಚರ್ಚಿನ ಇನ್ನೂ ನಾಲ್ಕೈದು ಜನ ಇದ್ದರು. ಅವರೆಲ್ಲ ಕೇಳುವಂತೆ, ಧ್ವನಿ ತಗ್ಗಿಸದೆ, ಅದೇ ಮಾತನ್ನು ಅದೇ ಕ್ರಮದಲ್ಲಿ ಮತ್ತೊಮ್ಮೆ ಹೇಳಿದರು. ಲಿಯೋ ಬಲ್ಲವನಾಗಿದ್ದ, ಬಲ್ಲೆ ಎಂದುಕೊಂಡಿದ್ದ ನಾನು ಅವನ ಬಾಯಿ ಮುಚ್ಚಿಸಿದೆ ಎಂದರು. ಒಬ್ಬಿಬ್ಬರು ತಲೆ ತಗ್ಗಿಸಿದರು. ಅಗ್ನೆಸ್ ಆರೋಗ್ಯಸ್ವಾಮಿಯವರ ಮುಖ ನೋಡಿದಳು, ಶಿಲುಬೆಯ ಗುರುತು ಮಾಡಿಕೊಂಡಳು. ಲಿಯೋನ ಬಗ್ಗೆ ನಾಳೆ ಯಾರಾದರೂ ಕೆಟ್ಟದ್ದಾಡಿದರೆ ತಾನು ಉತ್ತರ ಕೊಡುವುದಾಗಿ ಹೇಳಿದಳು.

ಅವರು ಹಿಂತಿರುಗಿ ಬಂದಾಗ ಕ್ಯಾರೊಲಿನ್ ದಿಬ್ಬದ ತಲೆಯ ಕಡೆಯಿಂದ ಎದ್ದು ಕಾಲಿನ ಕಡೆಗೆ ಸರಿದಿದ್ದಳು. ತಲೆಯ ಕಡೆ ಒಬ್ಬರು ಕೂರುವಷ್ಟು ಜಾಗವಿತ್ತು. ಅವರು ಅಲ್ಲಿ ಮೊಣಕಾಲೂರಿದರು. ಮಂಡಿನೋವಿನಿಂದ ಕೂರಲು ಹೊತ್ತಾಯಿತು. ಒಂದು ಪರಲೋಕ ಮಂತ್ರವನ್ನೂ ಒಂದು ನಮೋ ಮರಿಯವನ್ನೂ ಇಬ್ಬರೂ ಒಟ್ಟಿಗೆ ಹೇಳಿದರು. 

ಆಮೇಲೆ ಆರೋಗ್ಯಸ್ವಾಮಿಯವರು ಒಬ್ಬರೇ ಹೇಳಿದರು:

“ಪ್ರಭುವೇ, ನಿಮ್ಮ ದಾಸ ಲಿಯೋ ಬದುಕಿದ್ದಷ್ಟು ದಿನ ಬೇರೆಯವರ ಉಸಿರಿಗಾಗಿ ದುಡಿದವನು. ಅವನ ಕೈಯಿಂದ ಆದ ತಪ್ಪು ನನ್ನ ಬಾಯಿಂದ ಹುಟ್ಟಿದ್ದು. ಅದನ್ನು ಅವನ ಮೇಲೆ ಹೊರಿಸಬೇಡಿರಿ. ಅವನು ದಣಿದಿದ್ದಾನೆ. ನಿಮ್ಮ ಸನ್ನಿಧಿಯಲ್ಲಿ ಅವನಿಗೆ ಜಾಗ ಕೊಡಿರಿ, ನಿಮ್ಮ ಮುಖದ ಬೆಳಕನ್ನು ತೋರಿಸಿರಿ, ಅವನ ಆತ್ಮ ಶಾಂತಿಯಿಂದ ಇರಲಿ. ಆಮೆನ್.”